ಮೇಲಿನ ಪಟ್ಟಿ ಓದದೆ ಕೈ ಇಟ್ಟ ದಿನ

ನಮ್ಮ ಆದೋನಿ ಸೀಮೆಯ ಯಾವ ಆಸ್ಪತ್ರೆಯ ವರಾಂಡದಲ್ಲಾದರೂ ನಿಂತು "ಉರುಕುಂದಮ್ಮಾ" ಅಂತ ಒಂದು ಸಲ ಕೂಗಿ ನೋಡಿ. ಮೂರು ಮಂದಿ ಎದ್ದು ಬರುತ್ತಾರೆ. ಉರುಕುಂದಿ ಈರಣ್ಣಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಆ ಹೆಸರು ತಪ್ಪುವುದಿಲ್ಲ. ಯಾವ ಉರುಕುಂದಮ್ಮ ಯಾರೆಂದು ಸ್ವಾಮಿಗೆ ಗೊತ್ತಿರುತ್ತದೆ. ಪೇಚಾಟವೆಲ್ಲ ನಮ್ಮಂಥ ಗುಮಾಸ್ತರದ್ದು.

ಕಾವೇರಿಬಾಯಿಗೆ ಈ ಪೇಚಾಟ ಹೊಸದಲ್ಲ. ಊರಿನ ಒಂದು ಧರ್ಮಾಸ್ಪತ್ರೆಯಲ್ಲಿ ಆಕೆ ಹದಿನೆಂಟು ವರ್ಷದಿಂದ ಟೈಪಿಸ್ಟು. ಡಾಕ್ಟರು ಗೀಚಿಕೊಟ್ಟ ಚೀಟಿ ನೋಡಿ ಒಬ್ಬೊಬ್ಬ ರೋಗಿಗೆ ಒಂದೊಂದು ಹಾಳೆ ಟೈಪು ಮಾಡಿ ವಾರ್ಡಿಗೆ ಕಳಿಸುವುದು ಆಕೆಯ ಕೆಲಸ. ಆ ಹಾಳೆ ನೋಡಿಯೇ ನರ್ಸುಗಳು ಮಾತ್ರೆ, ಸೂಜಿ ಕೊಡುವುದು. ಕಾವೇರಿಬಾಯಿ ಟೈಪಿಂಗ್ ಹೈಯರ್ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ಕಣ್ಣು ಚೀಟಿಯ ಮೇಲೆ, ಬೆರಳು ಕೀಲಿಯ ಮೇಲೆ. ಮಿಷನ್ನಿನ ಕಡೆ ಕಣ್ಣು ಹೊರಳಿಸಿದರೆ ಟೈಪಿಂಗ್ ಮೇಷ್ಟ್ರು ರೂಲುದೊಣ್ಣೆಯಿಂದ ಬೆರಳ ಗೆಣ್ಣಿಗೆ ಕೊಡುತ್ತಿದ್ದರು. ಆ ಪೆಟ್ಟು ತಿಂದು ಕಲಿತ ವಿದ್ಯೆ ಸುಮ್ಮನೆ ಹೋಗುತ್ತದೆಯೇ?

೧೯೮೯ರಲ್ಲಿ ಹತ್ತಿ ವ್ಯಾಪಾರಸ್ಥರು ಸೇರಿ ಆಸ್ಪತ್ರೆಗೊಂದು ಕಂಪ್ಯೂಟರ್ ಕೊಡಿಸಿದರು. ಟೈಪ್‌ರೈಟರಿಗೆ ಹಳೇ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದರು. ಕಲಿಸಿಕೊಡಲು ಬಂದವಳು ಹತ್ತಿ ವ್ಯಾಪಾರಿ ಸೋಮಶೇಖರಪ್ಪನವರ ಮಗಳು ಕೊಟ್ರಮ್ಮ. ಬಳ್ಳಾರಿಯಲ್ಲಿ ಕಂಪ್ಯೂಟರ್ ಕಲಿತು ಬಂದವಳು. ಪ್ರತಿ ಗುರುವಾರ ಮಧ್ಯಾಹ್ನ ಬಂದು ಒಂದು ತಾಸು ಹೇಳಿಕೊಡುತ್ತಿದ್ದಳು.

ಎರಡು ಗುರುವಾರ ಕಳೆದವು. ಕಾವೇರಿಬಾಯಿ ಎಲ್ಲದಕ್ಕೂ ತಲೆ ಆಡಿಸಿದಳು. ತಿಳಿದದ್ದು ಮಾತ್ರ ಅರ್ಧ. ಪರದೆಯ ಮೇಲೆ ಒಂದು ಹಾಳೆ ತೆರೆದು ಟೈಪು ಮಾಡುವುದು ಬರುತ್ತಿತ್ತು. ಎರಡನೆಯದು ತೆರೆದರೆ ಮೊದಲನೆಯದು ಕಾಣೆಯಾಗುತ್ತಿತ್ತು. ಮಿಷನ್ನು ಅದನ್ನು ನುಂಗಿಹಾಕಿತು ಅಂತಲೇ ಆಕೆ ತಿಳಿದಿದ್ದಳು. ಆಗ ಮತ್ತೆ ಅದೇ ಹಾಳೆ ತೆರೆಯುವಳು, ಮತ್ತೆ ಬಡಿಯುವಳು. ಇಪ್ಪತ್ತೈದು ವರ್ಷದ ಹುಡುಗಿಯ ಮುಂದೆ "ನನಗೆ ತಿಳೀಲಿಲ್ಲ" ಅನ್ನಲು ಬಾಯಿ ಬರಲಿಲ್ಲ. ಫಸ್ಟ್ ಕ್ಲಾಸಿನವರಿಗೆ ಇದೊಂದು ಕಾಯಿಲೆ ನೋಡಿ.

ಮೂರನೆಯ ಗುರುವಾರ ಬೆಳಿಗ್ಗೆ ಬೇರೆ ಬೇರೆ ಊರಿನ ಇಬ್ಬರು ಉರುಕುಂದಮ್ಮಂದಿರು ಆಸ್ಪತ್ರೆಗೆ ಸೇರಿದರು. ಪೆದ್ದಹರಿವಾಣದವಳಿಗೆ ಜೋಳದ ಕೂಳೆ ಚುಚ್ಚಿ ಪಾದ ಬಾತಿತ್ತು. ಸಿ. ಬೆಳಗಲ್ಲಿನವಳಿಗೆ ಕೈಯಲ್ಲಿ ಕೀವುಗಟ್ಟಿದ ಹುಣ್ಣು. ಆ ವಾರ್ಡಿನಲ್ಲಿ ಇಂಥವರಿಗೆಲ್ಲ ಮಧ್ಯಾಹ್ನ ಎರಡು ಗಂಟೆಗೆ ಪೆನ್ಸಿಲಿನ್ ಸೂಜಿ ಹಾಕುವುದು ವಾಡಿಕೆ. ಬೇಡ ಅಂತ ಹಾಳೆಯಲ್ಲಿ ಬರೆದಿದ್ದರೆ ಮಾತ್ರ ಬಿಡುತ್ತಿದ್ದರು.

ಕಾವೇರಿಬಾಯಿ ಬೆಳಗಲ್ಲಿನವಳ ಹಾಳೆ ಮುಗಿಸಿ, ಪೆದ್ದಹರಿವಾಣದವಳ ಹಾಳೆ ಅರ್ಧ ಮುಗಿಸಿದ್ದಳು. ಅಷ್ಟರಲ್ಲಿ ಆ ಉರುಕುಂದಮ್ಮನ ಗಂಡ ಉಚ್ಚೀರಪ್ಪ ಕೌಂಟರಿನ ಹತ್ತಿರ ಬಂದ.

"ಅಮ್ಮಾರ, ಆಕಿಗೆ ರೊಟ್ಟಿ ತಿನ್ನಿಸಬೌದೇನ್ರಿ? ಮುಂಜಾಲಿಂದ ಏನೂ ತಿಂದಿಲ್ರಿ."

"ತಿನ್ಸಪಾ, ಏನೂ ಆಗೂದಿಲ್ಲ," ಅಂದಳು ಕಾವೇರಿಬಾಯಿ. ಹಾಗೆ ತಿರುಗುವಾಗ ಕೈ ಮೌಸಿಗೆ ತಾಗಿ ಅದರ ಗುಂಡಿ ಒತ್ತಿತು. ಆಕೆಗೆ ಗೊತ್ತೇ ಆಗಲಿಲ್ಲ. ಮತ್ತೆ ಚೀಟಿಯ ಕಡೆ ಕಣ್ಣಿಟ್ಟು, ಬಿಟ್ಟಲ್ಲಿಂದ ಟಕಟಕ ಬಡಿದು ಮುಗಿಸಿದಳು. ಒಂದು ಅಕ್ಷರ ತಪ್ಪಿರಲಿಲ್ಲ. ಹನ್ನೆರಡೂವರೆಗೆ ಎಲ್ಲ ಹಾಳೆಗಳೂ ಪ್ರಿಂಟಾಗಿ ವಾರ್ಡಿಗೆ ಹೋದವು.

ಕೊಟ್ರಮ್ಮ ಬಂದಾಗ ಒಂದೂ ನಲವತ್ತು.

"ಅಕ್ಕಾರ, ಇದ್ಯಾಕ ಇಷ್ಟು ನಿಧಾನ ಆಗೈತಿ ಮಿಷನ್ನು?" ಅಂದಳು ಪರದೆ ನೋಡಿ. "ಎಷ್ಟು ವಿಂಡೋ ತಗದೀರಿ?"

"ಒಂದೇ ಅದ ಅಲ್ಲ. ಕಾಣ್ಸವಲ್ದೇನು?"

ಕೊಟ್ರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಮೌಸಿನಿಂದ ಮೇಲಿದ್ದ ವಿಂಡೋವನ್ನು ಪಕ್ಕಕ್ಕೆ ಎಳೆದಳು. ಕೆಳಗೆ ಇನ್ನೊಂದು ಇತ್ತು. ಅದನ್ನೂ ಎಳೆದಳು. ಅದರಡಿ ಮತ್ತೊಂದು. ಕಾವೇರಿಬಾಯಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನುಂಗಿಹೋಯಿತು ಅಂದುಕೊಂಡಿದ್ದ ಹಾಳೆಗಳೆಲ್ಲ ಒಂದರ ಬೆನ್ನಿಗೊಂದು ಅಂಟಿಕೊಂಡು ಕೂತಿದ್ದವು. ಎಣಿಸಿದರೆ ಒಂಬತ್ತು.

"ಅಯ್ಯ! ಇವೆಲ್ಲ ಹೋಗಿರ್ಲಿಲ್ಲೇನು?"

"ಎಲ್ಲಿಗೂ ಹೋಗಂಗಿಲ್ಲ ಅಕ್ಕಾರ. ಹಿಂದ ಇರ್ತಾವ. ಅಂಚು ಕಂಡಲ್ಲಿ ಮೌಸಿನ ಗುಂಡಿ ಒತ್ತಿದ್ರ ಹಿಂದಿಂದು ಮುಂದ ಬರ್ತೈತಿ. ನೀವು ಬಡಿಯೋ ಅಕ್ಷರ ಮುಂದ ಯಾವುದೈತೋ ಅದಕ್ಕ ಹೋಗ್ತಾವ. ಅದಕ್ಕ ಮೊದ್ಲು ಮ್ಯಾಲಿನ ಪಟ್ಟಿ ಓದಬೇಕು. ಯಾರ ಹಾಳೆ ಅಂತ ಅಲ್ಲಿ ಹೆಸರಿರ್ತೈತಿ."

ಆ ಮಿಷನ್ನಿನಲ್ಲಿ ಹೆಸರಿಗೆ ಎಂಟೇ ಅಕ್ಷರದ ಜಾಗ. ಒಂದು ಪಟ್ಟಿಯಲ್ಲಿ 'ಉರುಕುಂದ ೧' ಅಂತಿತ್ತು, ಇನ್ನೊಂದರಲ್ಲಿ 'ಉರುಕುಂದ ೨'. ಕೊಟ್ರಮ್ಮ ಮೊದಲನೆಯದನ್ನು ಓದುತ್ತ ಹೋದಳು. "ಸಿ. ಬೆಳಗಲ್. ಕೈಗೆ ಹುಣ್ಣು. ಪೆನ್ಸಿಲಿನ್ ಕೊಡಬಾರದು. ಹಿಂದೊಮ್ಮೆ ಕೊಟ್ಟಾಗ ಮುಖ ಬಾತು ಉಸಿರು ಕಟ್ಟಿತ್ತು." ಆಮೇಲೆ ಅಂದಳು: "ಅದರ ಕೆಳಗ ಪಾದದ ಗಾಯ ಅಂತೈತಲ್ಲ ಅಕ್ಕಾರ? ಕೈಯೋ, ಪಾದಾನೋ?"

ಕಾವೇರಿಬಾಯಿ ಚೀಟಿಗಳನ್ನು ಹುಡುಕಿದಳು. ಅವಸರಕ್ಕೆ ಎರಡು ಚೀಟಿ ನೆಲಕ್ಕೆ ಬಿದ್ದವು. ಪೆನ್ಸಿಲಿನ್ ಬೇಡ ಅಂತ ಡಾಕ್ಟರು ಬರೆದಿದ್ದ ಚೀಟಿ ಪೆದ್ದಹರಿವಾಣದವಳದು. ಪರದೆಯ ಮೇಲೆ ಪೆದ್ದಹರಿವಾಣದವಳ ಹಾಳೆ ಅರ್ಧಕ್ಕೇ ನಿಂತಿತ್ತು. ಅದರಲ್ಲಿ ಪೆನ್ಸಿಲಿನ್ನಿನ ಮಾತೇ ಇರಲಿಲ್ಲ. ಆ ಅರ್ಧ ಹಾಳೆಯೇ ವಾರ್ಡಿಗೆ ಹೋಗಿತ್ತು.

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ನಾಲ್ಕು ನಿಮಿಷ.

ಕಾವೇರಿಬಾಯಿ ಓಡಿದಳು. ನಲವತ್ತೇಳು ವರ್ಷದ ಹೆಂಗಸು, ಮದುವೆಯಾದ ಮೇಲೆ ಓಡಿದ್ದೇ ಇಲ್ಲ. ಚಪ್ಪಲಿ ಕೌಂಟರಿನ ಕೆಳಗೇ ಉಳಿದವು. ಹೆಂಗಸರ ವಾರ್ಡು ಮಹಡಿಯ ಮೇಲೆ. ಮೆಟ್ಟಿಲ ಮೇಲೆ ಊಟದ ಡಬ್ಬಿ ಹಿಡಿದ ಜನ. "ಸ್ವಲ್ಪ ಜರುಗ್ರೀ, ಜರಗಂಡಿ!" ಅಂತ ಕನ್ನಡ, ತೆಲುಗು ಎರಡರಲ್ಲೂ ಕೂಗಿದಳು. ತಾನು ಯಾವ ತಪ್ಪೂ ಇಲ್ಲದೆ ಬಡಿದಿದ್ದ ಅಕ್ಷರಗಳೇ ಕಣ್ಣ ಮುಂದೆ ಬರುತ್ತಿದ್ದವು. ಮುಖ ಬಾತು ಉಸಿರು ಕಟ್ಟಿತ್ತು. ಉಸಿರು ಕಟ್ಟಿತ್ತು.

ಆರನೆಯ ಮಂಚದ ಮೇಲೆ ಪೆದ್ದಹರಿವಾಣದ ಉರುಕುಂದಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ತೋಳಿನಲ್ಲಿ ಹತ್ತಿ ಇಟ್ಟು ಪಟ್ಟಿ ಅಂಟಿಸಿತ್ತು.

ಕಾವೇರಿಬಾಯಿ ಅವಳ ಭುಜ ಹಿಡಿದು ಅಲುಗಿಸಿದಳು. "ಏ ಉರುಕುಂದಮ್ಮ, ಏಳು! ಸೂಜಿ ಹಾಕಿದ್ರೇನು? ಹೇಳವಾ, ಹಾಕಿದ್ರೇನು?"

ಉರುಕುಂದಮ್ಮ ಗಾಬರಿಯಾಗಿ ಎದ್ದು ಕೂತಳು. ಪಕ್ಕದಲ್ಲಿದ್ದ ಉಚ್ಚೀರಪ್ಪ, "ಅದಾ? ಅದು ಮುಂಜಾಲಿ ರಕ್ತ ತಗದದ್ದು ಅಮ್ಮಾರ. ಸೂಜಿ ಈಗ ತರ್ತಾರಂತ," ಅಂದ.

ಅಷ್ಟರಲ್ಲಿ ನರ್ಸು ದಸ್ತಗಿರಮ್ಮ ತಟ್ಟೆ ಹಿಡಿದು ಬಂದೇ ಬಿಟ್ಟಳು. ತಟ್ಟೆಯಲ್ಲಿ ಔಷಧಿ ತುಂಬಿದ ಸೂಜಿ.

"ಬ್ಯಾಡ! ಈಕಿಗೆ ಬ್ಯಾಡ! ಪೆನ್ಸಿಲಿನ್ ಈಕಿಗೆ ಆಗಿ ಬರೂದಿಲ್ಲ!"

"ಅರೇ, ಹಾಳ್ಯಾಗ ಏನೂ ಇಲ್ಲಲ್ಲ ಬಾಯಮ್ಮ?" ಅಂದಳು ದಸ್ತಗಿರಮ್ಮ. "ಬ್ಯಾಡ ಅಂತ ಇರೋದು ಬೆಳಗಲ್ಲಿನಾಕಿ ಹಾಳ್ಯಾಗ. ನಾ ಆಕಿನ್ನ ಬಿಟ್ಟು ಈಕಿ ಹತ್ರ ಬಂದೆ."

"ಹಾಳಿ ತಪ್ಪದ. ನಾನೇ ತಪ್ಪು ಹೊಡದೀನಿ."

ದಸ್ತಗಿರಮ್ಮ ತಟ್ಟೆ ಕೆಳಗಿಟ್ಟಳು. ಕಾವೇರಿಬಾಯಿ ಮಂಚದ ಕಂಬಿ ಹಿಡಿದುಕೊಂಡು ನಿಂತಳು. "ನೀನಾದ್ರೂ ಹೇಳಬಾರದೇನು ಉರುಕುಂದಮ್ಮ, ನನಗ ಆ ಸೂಜಿ ಆಗೂದಿಲ್ಲ ಅಂತ?" ಅಂದಳು.

"ಹೇಳೀನ್ರಿ ಅಮ್ಮಾರ, ಡಾಕ್ಟರಪ್ಪಗ. ಆತ ಬರಕೊಂಡ. ಬರದ ಮ್ಯಾಲೆ ಮತ್ತ ಹೇಳೋದ್ಯಾಕಂತ ಸುಮ್ಕ ಮಕ್ಕಂಡೆ."

ಆ ಮಾತಿಗೆ ಕಾವೇರಿಬಾಯಿಯ ಕಣ್ಣು ತುಂಬಿ ಬಂತು. ಉಚ್ಚೀರಪ್ಪ ಆಕೆಗೆ ಕೈ ಮುಗಿಯಲು ಬಂದ. ಆಕೆ ನಾಚಿಕೆಯಿಂದ ಕುಗ್ಗಿ ಅವನ ಕೈ ತಡೆದಳು. ತಿದ್ದಿದ ಹಾಳೆಗಳನ್ನು ಕೊಟ್ರಮ್ಮನೇ ಮೇಲೆ ತಂದುಕೊಟ್ಟಳು. ಡಾಕ್ಟರು ಚೀಟಿ ಸಮೇತ ನೋಡಿ ಸಹಿ ಹಾಕಿದ ಮೇಲೆ ಬೆಳಗಲ್ಲಿನವಳಿಗೆ ಸಿಗಬೇಕಾದ ಸೂಜಿ ಸಿಕ್ಕಿತು, ಪೆದ್ದಹರಿವಾಣದವಳಿಗೆ ಬೇರೆ ಔಷಧಿ ಬಂತು.

ಕೆಳಗೆ ಬಂದ ಕಾವೇರಿಬಾಯಿ ಟೈಪ್‌ರೈಟರಿನ ಹೊದಿಕೆ ಕಿತ್ತು ತೆಗೆದಳು. "ನನಗ ಇದೇ ಸಾಕು. ಇದರಾಗ ಒಂದು ಸಲಕ್ಕ ಒಂದೇ ಕಾಗದ. ಇನ್ನೊಬ್ಬರ ಕಾಗದ ನಡುವ ಬರ್ಲಿಕ್ಕೆ ಸಾಧ್ಯನೇ ಇಲ್ಲ."

"ಖರೆ ಅಕ್ಕಾರ," ಅಂದಳು ಕೊಟ್ರಮ್ಮ. "ನೀವು ಕಲಿತದ್ದು ತಪ್ಪಲ್ಲ. ಆ ಮಿಷನ್ನಿಗೆ ನೋಡೋ ಕೆಲಸಾನೇ ಇರಲಿಲ್ಲ, ಇದಕ್ಕೈತಿ. ನಮ್ಮ ಅಪ್ಪನ ಅಂಗಡ್ಯಾಗ ಹತ್ತಿ ಸ್ಯಾಂಪಲ್ಲು ಬರ್ತಾವಲ್ರಿ? ಒಂದು ಪೊಟ್ಟಣ ಬಿಚ್ಚಿದ್ರ ನೋಡಿ, ಕಟ್ಟಿ, ಮ್ಯಾಲೆ ಹೆಸರು ಬರದು, ಆಮ್ಯಾಲೆ ಇನ್ನೊಂದು ಬಿಚ್ಚಬೇಕು. ನಾಕು ಬಿಚ್ಚಿಟ್ಟು ಫ್ಯಾನ್ ಹಾಕಿದ್ರ ಯಾವ ಹೊಲದ ಹತ್ತಿ ಯಾವುದು ಅಂತ ಹೇಳೋರ್ಯಾರು? ಇಲ್ಲೂ ಅಷ್ಟೇ. ಒಂದು ಹಾಳೆ ಮುಗೀತಾ? ಸೇವ್ ಮಾಡ್ರಿ, ಮುಚ್ರಿ. ಆಮ್ಯಾಲೆ ಇನ್ನೊಂದು ತಗೀರಿ."

"ನಡುವ ಯಾರರೆ ಕರದ್ರ?"

"ಕರೀಲಿ. ಸಣ್ಣದು ಮಾಡಿ ಪರದೆ ಕೆಳಗ ಇಳಿಸ್ರಿ. ಇಲ್ಲಿ ನೋಡ್ರಿ, ಸಣ್ಣ ಚಿತ್ರ ಆಗಿ ಕೂತೈತಿ. ಬಂದ ಮ್ಯಾಲೆ ಅದನ್ನ ಎತ್ತಿ, ಪಟ್ಟಿ ಓದಿ, ಆಮ್ಯಾಲೆ ಕೈ ಹಚ್ರಿ."

"ಮತ್ತ ಇಬ್ಬರದೂ ಒಂದೇ ಹೆಸರಿದ್ರ?"

"ಎಂಟು ಅಕ್ಷರದಾಗ ಮೊದ್ಲು ಊರು ಹಾಕ್ರಿ, ಆಮ್ಯಾಲೆ ಹೆಸರು. ಒಂದು, ಎರಡು ಅಂತ ನಂಬರ್ ಹಾಕಿದ್ರ ಯಾರಿಗೆ ನೆಪ್ಪಿರ್ತೈತಿ?"

ಕಾವೇರಿಬಾಯಿ ಒಂದೊಂದನ್ನೇ ಮಾಡಿ ನೋಡಿದಳು. ಎಲ್ಲ ಮುಚ್ಚಿದ ಮೇಲೆ ಪರದೆ ಖಾಲಿಯಾಯಿತು. ಒಂದನ್ನು ಮತ್ತೆ ತೆರೆದಳು, ಅದು ಇದ್ದಂತೆಯೇ ಬಂತು. "ಇದನ್ನ ನಾ ಮೊದಲ್ನೇ ದಿನಾನೇ ಕೇಳಬೇಕಿತ್ತು ಕೊಟ್ರಮ್ಮ. ಸೊಕ್ಕು ನನಗ," ಅಂದಳು. ಕೊಟ್ರಮ್ಮ ನಗಲಿಲ್ಲ. ಅದೂ ಒಳ್ಳೆಯದಾಯಿತು.

ಸಂಜೆ ಮನೆಯಲ್ಲಿ ಗಂಡ ಸೇತುಮಾಧವಾಚಾರ್ಯರು ಎಲ್ಲ ಕೇಳಿ ಹೌಹಾರಿದರು. ಪೌರೋಹಿತ್ಯ ಮಾಡಿಕೊಂಡಿರುವವರು, ಮಿಷನ್ನು ಅಂದರೆ ಮೊದಲೇ ಆಗದು.

"ಬ್ಯಾಡ ಕಾವೇರಿ, ಆ ಡಬ್ಬಿ ಬಿಡು. ನಾಳೆ ಯಾರದರೆ ಜೀವ ಹೋದ್ರ ಆ ಪಾಪ ಯಾರಿಗೆ? ಮನ್ಯಾಗಿರು."

"ನನಗೂ ಹಂಗ ಅನಿಸ್ತು. ಒಂದು ಕೇಳ್ತೀನಿ. ಒಂದೇ ಮುಂಜಾನೆ ನಿಮಗ ಮೂರು ಮನಿ ಶ್ರಾದ್ಧ ಇರ್ತಾವ. ಸಂಕಲ್ಪದಾಗ ಒಬ್ಬರ ಗೋತ್ರ ಇನ್ನೊಬ್ಬರಿಗೆ ಹೇಳೀರೇನು?"

"ಛೇ, ಅದೆಂಗಾಗ್ತದ? ಕೂತ ಕೂಡ್ಲೇ ಮೊದಲು ಗೋತ್ರ, ಹೆಸರು ಕೇಳ್ತೀನಿ. ಆಮ್ಯಾಲೆನೇ ಮಂತ್ರ."

"ಹಿಂದಿನ ವರ್ಷನೂ ಅದೇ ಮನಿಗೆ ಹೋಗಿದ್ರೂ?"

"ಹೋಗಿದ್ರೂ ಕೇಳಬೇಕು. ಬಾಯಿಪಾಠ ಆದ ಮಂತ್ರ, ತಾನಾಗೇ ಓಡ್ತದ. ಕೇಳ್ಲಿಲ್ಲಂದ್ರ..." ಆಚಾರ್ಯರು ಅಲ್ಲಿಗೆ ನಿಂತರು. ಹೆಂಡತಿಯ ಮುಖ ನೋಡಿದರು.

"ನನ್ನ ಬೆರಳೂ ತಾನಾಗೇ ಓಡ್ತಾವ," ಅಂದಳು ಕಾವೇರಿಬಾಯಿ. "ನಾ ಕೇಳ್ಲಿಲ್ಲ, ಅಷ್ಟೇ."

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಟವಳಿಗೆ ಆಚಾರ್ಯರು, "ಓದಿ ಓದಿ ಹೊಡಿ," ಅಂದರು. ಬೇಡ ಅನ್ನಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಆಫೀಸಿಗೂ ಇಂಥದೊಂದು ಮಿಷನ್ನು ಬಂದಿರಬಹುದು, ಇಲ್ಲವೇ ಬರುವುದರಲ್ಲಿದೆ. ಹೆದರಿ ಮೂಲೆಗೆ ತಳ್ಳಬೇಡಿ. ತಿಳಿಯದಿದ್ದರೆ ಚಿಕ್ಕವರನ್ನಾದರೂ ಕೇಳಿ, ಕೇಳಿದವರ ಮಾನ ಹೋಗುವುದಿಲ್ಲ. ಕಾಣದ ವಿಂಡೋ ಕಳೆದುಹೋಗಿಲ್ಲ, ಹಿಂದೆ ಇದೆ, ಹುಡುಕಿ. ಬೇಕಾದದ್ದನ್ನು ಮಾತ್ರ ತೆರೆಯಿರಿ, ಮುಗಿದದ್ದನ್ನು ಸೇವ್ ಮಾಡಿ ಮುಚ್ಚಿ. ಹೆಸರಿನ ಜೊತೆ ಊರು ಬರೆಯಿರಿ. ಯಾರೋ ಕರೆದು ನೀವು ಅತ್ತ ತಿರುಗಿ ಮತ್ತೆ ಇತ್ತ ತಿರುಗಿದಾಗ, ಎಷ್ಟೇ ಅವಸರವಿರಲಿ, ಬೆರಳು ಎತ್ತಿ ಹಿಡಿಯಿರಿ. ಮೇಲಿನ ಪಟ್ಟಿ ಓದಿ. ಅಲ್ಲಿ ಹೆಸರಿರುವ ಮನುಷ್ಯರು, ಹೇಳುವುದೆಲ್ಲ ಹೇಳಿಯಾಯಿತು ಅಂತ ನಿಮ್ಮನ್ನು ನಂಬಿ, ಕಣ್ಣು ಮುಚ್ಚಿ ಮಲಗಿದ್ದಾರೆ.