ಮೈಲಿಗೆಯಿಲ್ಲದ ಕಂಬಳಿ

ಹೊಸೂರಿನ ಮೂಕಂಡಪಲ್ಲಿಯ ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ಕಂಬಳಿ, ಚಿಕ್ಕತಾಯಮ್ಮನದು. ಫ್ಯಾಕ್ಟರಿ ಕೆಲಸಕ್ಕೆಂದು ಶಿರಾ ಕಡೆಯಿಂದ ಬಂದವರು ನಾವು. ಬರುವಾಗ ಕುಕ್ಕರ್ ತಂದೆವು, ಟೀವಿ ತಂದೆವು, ಕಂಬಳಿ ಯಾರಿಗೂ ನೆನಪಾಗಲಿಲ್ಲ. ಚಿಕ್ಕತಾಯಮ್ಮ ತಂದಿದ್ದರು. ಅವರಪ್ಪ ಕರಿಕುರಿಯ ಉಣ್ಣೆ ನೂಲಿಸಿ, ತಾವೇ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಮಾಡಿದ್ದು. ಹೊದ್ದರೆ ಚುಚ್ಚುತ್ತದೆ, ಮಳೆಗಾಲದಲ್ಲಿ ಕುರಿಯ ವಾಸನೆ ಹೊಡೆಯುತ್ತದೆ. ಆದರೂ ಹೊಸೂರಿನ ಚಳಿಗೆ ಒಮ್ಮೆ ಹೊದ್ದವರು ಮತ್ತೆ ಕೇಳದೆ ಇರುವುದಿಲ್ಲ.

ಬಾಣಂತಿಗೆ, ನಾಮಕರಣಕ್ಕೆ, ಮದುವೆಗೆ, ಹೆಣಕ್ಕೆ, ಎಲ್ಲಕ್ಕೂ ಅದೇ. ಸಾವಿನ ಮನೆಯಿಂದ ಬಂದದ್ದು ಮದುವೆ ಮನೆಗೆ ಹೇಗೆ ಎಂದು ಯಾರಾದರೂ ರಾಗ ಎಳೆದರೆ ಚಿಕ್ಕತಾಯಮ್ಮ ಸೆರಗು ಬಿಗಿದು ನಿಲ್ಲುತ್ತಿದ್ದರು.

“ಉಣ್ಣೆಗೆ ಮೈಲಿಗೆ ಅಂಟಾಕಿಲ್ಲ ಕಣ್ರಿ. ಮೈಲಿಗೆ ಇರಾದು ನಿಮ್ ತಲೇಲಿ.”

ಕಾರ್ತಿಕದಲ್ಲಿ ಎದುರುಮನೆಯ ಮೂರ್ತಿ ತೀರಿಕೊಂಡ. ಇನ್ನೂ ಸಣ್ಣ ವಯಸ್ಸು. ಅವನನ್ನು ಮಲಗಿಸಿದ್ದು ಆ ಕಂಬಳಿಯ ಮೇಲೆಯೇ. ತಿಥಿ ಮುಗಿದ ಮೇಲೆ ಅವನ ಹೆಂಡತಿ ಕಲ್ಪನಾ ಅದನ್ನು ಬಿಸಿಲಿಗೆ ಹಾಕಿ, ಕೊಡವಿ, ಮಡಿಸಿ ತಂದಳು. ಅಷ್ಟರಲ್ಲಿ ಚಿಕ್ಕತಾಯಮ್ಮನ ಮಗಳು ಮೇಘಶ್ರೀಗೆ ಗಂಡು ಗೊತ್ತಾಗಿತ್ತು. ಹಿಂದೆ ಬಂದ ಸಂಬಂಧಗಳು ಏನೇನೋ ನೆಪಕ್ಕೆ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಎಂಬ ಹೆದರಿಕೆ ತಾಯಿಗಿತ್ತು. ಕಂಬಳಿ ನೋಡಿದರು, ಕೈ ಚಾಚಲಿಲ್ಲ.

“ನೀನೇ ಮಡಿಕ್ಕಳವ್ವ. ಚಳಿ ಬತ್ತೈತೆ, ಮಗೀಗೆ ಹೊದಿಸು.”

ಕಲ್ಪನಾ ಕಣ್ಣು ಒರೆಸಿಕೊಂಡು ಹೋದಳು. ಎಂಥ ದೊಡ್ಡ ಮನಸ್ಸು ಎಂದು ವಠಾರವೆಲ್ಲ ಹೊಗಳಿತು. ಪಕ್ಕದ ಮನೆಯವಳಾದ ನನಗೆ ಮಾತ್ರ ಸಿಟ್ಟು ಬಂತು. ಅದೇ ಸಂಜೆ ಚಿಕ್ಕತಾಯಮ್ಮ ತಮ್ಮ ಮಗ ಶಶಿಕುಮಾರ್‌ನನ್ನು ಜೂಜುವಾಡಿಯ ಅಂಗಡಿಗೆ ಓಡಿಸಿ ಬೇರೆ ಕಂಬಳಿ ತರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಿಶ್ಚಿತಾರ್ಥ ಮನೆಯಲ್ಲೇ ನಡೆಯಿತು. ನಮ್ಮವರಲ್ಲಿ ಕಂಬಳಿ ಹಾಸದೆ ತಾಂಬೂಲ ಬದಲಾಯಿಸುವುದಿಲ್ಲ. ಗಂಡಿನ ಕಡೆಯ ಹಿರಿಯ ಹನುಮಂತರಾಯಪ್ಪ ಕೂರುವ ಮುಂಚೆ ಹೊಸ ಕಂಬಳಿಯನ್ನು ಸವರಿದರು. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಕರಗಿ ಬೆರಳಿಗೆ ಅಂಟಿಕೊಂಡಿತು.

“ಪ್ಲಾಸ್ಟಿಕ್ ಮ್ಯಾಲೆ ಕೂರುಸ್ತೀಯಲ್ಲವ್ವ! ಕಂಬ್ಳಿ ಸಿಕ್ಕಿದ್ ದಿನ ಯೋಳ್ಕಳ್ಸಿ, ಬತ್ತೀವಿ.”

ಹಿರಿಯರು ಟವೆಲ್ ಕೊಡವಿದರು. ಮೇಘಶ್ರೀ ಮುಖ ಬಿಳುಚಿಕೊಂಡಿತು. ಶಶಿಕುಮಾರ್ ತಡೆಯಲಾರದೆ ಅಂದುಬಿಟ್ಟ, “ಇರಿ ತಾತ. ನಮ್ ಕಂಬ್ಳಿ ಕಲ್ಪನಕ್ಕನ್ ಮನೇಲೈತೆ.”

ಚಿಕ್ಕತಾಯಮ್ಮ ಎದ್ದು ಎದುರುಮನೆಗೆ ನಡೆದರು. ನಾನೂ ಹಿಂದೆಯೇ ಹೋದೆ. ಏನಾಗುತ್ತದೋ ನೋಡದೆ ಇರಲಾಗಲಿಲ್ಲ.

ಮಗು ಕಂಬಳಿಯ ಮೇಲೆ ಮಲಗಿತ್ತು. ವಿಷಯ ತಿಳಿದ ಕಲ್ಪನಾ ಮಗುವನ್ನು ಚಾಪೆಗೆ ಸರಿಸಿ, ಕಂಬಳಿ ಮಡಿಸಿ ಕೊಟ್ಟಳು.

ಕೈಗೆ ಬಂದರೂ ಚಿಕ್ಕತಾಯಮ್ಮ ಕದಲಲಿಲ್ಲ. “ಕರೆದಿದ್ನಲ್ಲ, ನೀನ್ಯಾಕೆ ಬರ್ಲಿಲ್ಲ?” ಎಂದರು. ಕರೆದಿದ್ದರು ನಿಜ, ಬಾಯಿಮಾತಿಗೆ.

“ಕಂಬ್ಳಿಗೆ ಅಂಟಾಕಿಲ್ಲ ಅಂತ ನೀವ್ ಹೇಳ್ತಿದ್ರಿ,” ಎಂದಳು ಕಲ್ಪನಾ. “ನಂಗೆ ಅಂಟಾಕಿಲ್ಲ ಅಂತ ಯಾರೂ ಹೇಳ್ಲಿಲ್ವಲ್ಲಕ್ಕ.”

ಚಿಕ್ಕತಾಯಮ್ಮ ಕಂಬಳಿ ಅವಚಿಕೊಂಡು ಹೊಸಿಲು ದಾಟಿದರು. ಅಂಗಳದ ನಡುವೆ ನಿಂತರು. ತಿರುಗಿ ಬಂದು ಅದನ್ನು ಕಲ್ಪನಾಳ ಕೈಗೇ ಹಾಕಿದರು.

“ನಡಿ, ನೀನೇ ಹಾಸು. ನಂಗೆ ಮಂಡಿನೋವು, ಬಗ್ಗಕಾಗಲ್ಲ.”

ಬೆಳಗ್ಗೆ ಇಡೀ ಅಂಗಳಕ್ಕೆ ರಂಗೋಲಿ ಬಿಟ್ಟವರು ಅವರೇ. ನಾನು ಮಗುವಿನ ಬಳಿ ಕೂತೆ.

ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಬರಿಹಣೆಯ ಕಲ್ಪನಾ ತುಂಬಿದ ಮನೆಗೆ ಹೋಗಿ ಬಗ್ಗಿ ಕಂಬಳಿ ಹಾಸಿದಳು. ಒಂದಿಬ್ಬರು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಚಿಕ್ಕತಾಯಮ್ಮ ಎಂದಿನಂತೆ ಸೆರಗು ಬಿಗಿದು ನಿಂತರು, ಹಳೆಯ ಮಾತು ಬಾಯಿಗೆ ಬರಲಿಲ್ಲ. ಹನುಮಂತರಾಯಪ್ಪ ಕಂಬಳಿಯನ್ನು ಅಂಗೈಯಿಂದ ಉಜ್ಜಿ ನೋಡಿದರು.

“ಹೂಂ, ಚುಚ್ತೈತೆ,” ಎಂದು ಕೂತರು.