ನಾಲ್ಕು ಕೈ, ಒಂದು ಕಾಲು

ಪಿಯಾನೋ ಕಾರ್ಯಕ್ರಮಕ್ಕೆ ಕೃತಿಗಳನ್ನು ಆರಿಸುವುದೆಂದರೆ ಮದುವೆಗೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ಲೆಕ್ಕ ಹಾಕಲು ಕೂತ ಹಾಗೆಯೇ. ಕರೆಸಿಕೊಂಡವರು ಉಂಡು ಮರೆಯುತ್ತಾರೆ, ಬಿಟ್ಟುಹೋದವರು ಸಾಯುವತನಕ ಮರೆಯುವುದಿಲ್ಲ. ಅಕ್ಕನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ದಿನ ಬೆಳಿಗ್ಗೆ ಊಟದ ಮೇಜಿನ ತುಂಬ ಸ್ವರದ ಹಾಳೆಗಳನ್ನು ಹರಡಿಕೊಂಡು, ತಂಗಿಯ ಜೊತೆ ನುಡಿಸಬೇಕಾದ ಕೃತಿಯನ್ನು ಮೆಲ್ಲಗೆ ಎತ್ತಿ ರಾಶಿಯ ಅಡಿಗೆ ತಳ್ಳಿದಳು.

ಅಕ್ಕತಂಗಿಯರಿಬ್ಬರೂ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಪಿಯಾನೋ ಶಾಲೆ ನಡೆಸುತ್ತಿದ್ದರು. ಶಿಷ್ಯರ ಬಾಯಲ್ಲಿ ಅಕ್ಕ ದೊಡ್ಡ ಟೀಚರ್, ತಂಗಿ ಚಿಕ್ಕ ಟೀಚರ್. ವರ್ಷಕ್ಕೊಮ್ಮೆ ಶಿಷ್ಯರೆಲ್ಲ ಒಂದೊಂದು ನುಡಿಸಿದ ಮೇಲೆ ಕೊನೆಯಲ್ಲಿ ಇವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ನಾಲ್ಕು ಕೈಯ ಕೃತಿಯೊಂದನ್ನು ನುಡಿಸುವುದು ರೂಢಿ. ಬಲಗಡೆ, ಮೇಲಿನ ಸ್ವರಗಳಲ್ಲಿ, ಅಕ್ಕ; ಹಾಡು, ಓಟ, ಮಿನುಗು ಎಲ್ಲ ಅವಳ ಪಾಲು. ಎಡಗಡೆ, ಕೆಳಗಿನ ಸ್ವರಗಳಲ್ಲಿ, ತಂಗಿ; ತಾಳ, ತಳಪಾಯ ಅವಳದು. ಪೆಡಲ್ ಕೂಡ ಅವಳದೇ. ನಾಲ್ಕು ಕೈ ನುಡಿಸುವಾಗ ಪೆಡಲ್ ಎಡಗಡೆ ಕೂತವರ ಕಾಲಿಗೆ ಸೇರಿದ್ದು. ಅದನ್ನು ಒತ್ತಿದರೆ ಬೆರಳೆತ್ತಿದ ಮೇಲೂ ಸ್ವರ ನಿಂತೇ ಇರುತ್ತದೆ, ಒಂದರೊಳಗೊಂದು ಹರಿಯುತ್ತದೆ. ಹದವಾಗಿ ಒತ್ತಿದರೆ ಹೊಳಪು, ಹೆಚ್ಚಾದರೆ ಕೆಸರು.

ಈ ಸಲ ಕೊನೆಗೆ ಅಕ್ಕ ಒಬ್ಬಳೇ ನುಡಿಸುವ ಉದ್ದನೆಯ, ಕಷ್ಟದ ಬಲ್ಲಾಡ್ ಕೃತಿಯೊಂದನ್ನು ಆರಿಸಿಕೊಂಡಳು. ಯಾಕೆಂದು ಕೇಳಿದರೆ ಉತ್ತರ ಸಿದ್ಧವಿತ್ತು: ಕಳೆದ ವರ್ಷ ತಂಗಿಯ ಪೆಡಲ್‌ನಿಂದ ಎಲ್ಲ ಕೆಸರಾಗಿತ್ತು. ನಿಜವಾದ ಕಾರಣ ಬೇರೆ. ಕಳೆದ ವರ್ಷ ಮುಗಿದ ಮೇಲೆ ಅಜ್ಜಿಯೊಬ್ಬರು ನೇರ ತಂಗಿಯ ಬಳಿ ಹೋಗಿ ಅವಳ ಕೈ ಹಿಡಿದು, "ಕೆಳಗೆ ನೀನಿದ್ದೆ ಅಂತ ಮೇಲಿನದು ನಿಂತಿತ್ತು ಕಣಮ್ಮಾ" ಅಂದಿದ್ದರು. ಅಕ್ಕ ಪಕ್ಕದಲ್ಲೇ ಇದ್ದಳು, ಮುಖಕ್ಕೆ ನಗು ಅಂಟಿಸಿಕೊಂಡು. ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ವರ್ಷಪೂರ್ತಿ ಕಾಡಿತ್ತು.

"ತಂಗಿಗೆ ಹೇಳಿದ್ಯಾ?" ಎಂದು ಗಂಡ ಕೇಳಿದ, ಪತ್ರಿಕೆಯಿಂದ ತಲೆ ಎತ್ತದೆ.

"ಹೇಳ್ತೀನಿ."

"ಯಾವಾಗ? ಚಪ್ಪಾಳೆ ಆದ್ಮೇಲಾ?"

"ನಿಮಗೆ ಸಂಗೀತ ಅರ್ಥ ಆಗಲ್ಲ, ಸುಮ್ನಿರಿ."

"ಸಂಗೀತ ಆಗಲ್ಲ, ನಿಜ. ನೀನು ಅರ್ಥ ಆಗ್ತೀಯಲ್ಲ, ಅದೇ ತೊಂದರೆ" ಎಂದು ಅವನು ಪುಟ ತಿರುಗಿಸಿದ.

ಮಧ್ಯಾಹ್ನ ಸಭಾಂಗಣದಲ್ಲಿ ಅಭ್ಯಾಸ. ಅಲ್ಲಿನ ಮ್ಯಾನೇಜರ್ ಕಾರ್ಯಕ್ರಮದ ಹಾಳೆಯನ್ನು ಸಂಜೆಯೊಳಗೆ ಅಚ್ಚಿಗೆ ಕೊಡಬೇಕೆಂದು ಮೂರು ದಿನದಿಂದ ಬೆನ್ನು ಹತ್ತಿದ್ದ. ವೇದಿಕೆಯ ಮೇಲೆ ಶಿಷ್ಯೆಯೊಬ್ಬಳು, ವೃತ್ತಿಯಲ್ಲಿ ಹಲ್ಲಿನ ಡಾಕ್ಟರ್, ತನ್ನ ಪುಟ್ಟ ವಾಲ್ಟ್ಸ್ ನೃತ್ಯದ ಕೃತಿಯನ್ನು ಹಲ್ಲು ಕೀಳುವಷ್ಟೇ ಎಚ್ಚರದಿಂದ ನುಡಿಸುತ್ತಿದ್ದಳು. ಅದು ಮುಗಿಯುವ ಹೊತ್ತಿಗೆ ತಂಗಿ ಬಂದಳು, ಕಂಕುಳಲ್ಲಿ ನಾಲ್ಕು ಕೈಯ ಹಾಳೆಗಳು.

"ಅದು ಈ ಸಲ ಬೇಡ ಅಂದ್ಕೊಂಡೆ" ಎಂದಳು ಅಕ್ಕ, ಪಿಯಾನೋದ ಮುಚ್ಚಳಕ್ಕೆ ಹೇಳುವ ಹಾಗೆ. "ಕೊನೆಗೆ ನಾನೊಬ್ಬಳೇ ಒಂದು ನುಡಿಸ್ತೀನಿ."

ತಂಗಿ ಹಾಳೆಗಳನ್ನು ಪಿಯಾನೋದ ಮೇಲಿಟ್ಟಳು. "ಸರಿ ಅಕ್ಕ" ಎಂದಳು.

ಅಷ್ಟಕ್ಕೇ ಮುಗಿಯುತ್ತಿತ್ತು. ಹಲ್ಲಿನ ಡಾಕ್ಟರು ಬಿಡಬೇಕಲ್ಲ! "ಅಯ್ಯಯ್ಯೋ, ಜನ ಅದಕ್ಕೇ ಬರೋದು ಟೀಚರ್! ನಮ್ಮದನ್ನ ಯಾರು ಕೇಳ್ತಾರೆ? ನಮ್ಮನೆಯವರು ನನ್ನ ಸರದಿ ಬರೋಷ್ಟರಲ್ಲಿ ಗೊರಕೆ ಶುರು ಮಾಡಿರ್ತಾರೆ."

ಈಗ ಕಾರಣ ಕೊಡಲೇಬೇಕಾಯಿತು. "ಚಿಕ್ಕ ಟೀಚರ್ ಪೆಡಲ್ ಒತ್ತೋ ರೀತಿ ನೋಡಿಲ್ವಾ ನೀವು? ಕಾಲಿಟ್ಟರೆ ತೆಗೆಯೋದೇ ಇಲ್ಲ. ಮೇಲೆ ನಾನು ಒಂದೊಂದೇ ಮುತ್ತು ಪೋಣಿಸಿದರೆ ಕೆಳಗೆ ಇವಳು ಕೆಸರು ಕಲಸಿಡ್ತಾಳೆ. ಬೇಕಾದ್ರೆ ಈಗಲೇ ಕೇಳಿ, ಪೆಡಲ್ ಇಲ್ಲದೆ ಎಷ್ಟು ಶುದ್ಧವಾಗಿರುತ್ತೆ ಅಂತ. ಬಾರೇ, ಕೊನೇ ಪುಟ."

"ಬೇಡ ಅಕ್ಕ" ಎಂದಳು ತಂಗಿ.

"ಯಾಕೆ, ಹೆದರಿಕೆನಾ?"

"ಮೊದಲನೇ ಪುಟ ನುಡಿಸೋಣ. ಕೊನೇದು ಬೇಡ."

"ಕೊನೇದೇ. ಕಾಲು ಹಿಂದಕ್ಕಿಟ್ಕೋ."

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ಕೂತು, ಬಲಗಾಲನ್ನು ಬೆಂಚಿನ ಕೆಳಕ್ಕೆ ಮಡಚಿಕೊಂಡಳು.

ಕೊನೆಯ ಪುಟದಲ್ಲಿ ಮೇಲಿನಿಂದ ಕೆಳಗಿನ ತನಕ ಇಳಿದುಬರುವ ಉದ್ದನೆಯ ಸ್ವರಗಳ ಓಟವೊಂದಿದೆ. ಅಕ್ಕ ಅದನ್ನು ಕಣ್ಣುಮುಚ್ಚಿ ನುಡಿಸಬಲ್ಲೆನೆಂದು ನಂಬಿದ್ದವಳು. ಕೈ ಇಳಿಯಿತು. ನಾಲ್ಕನೆಯ ಬೆರಳಿನ ಹತ್ತಿರ ಒಂದು ಸ್ವರ ಹುಟ್ಟಲೇ ಇಲ್ಲ. ಮುಂದೆ ಎರಡು ಸ್ವರ ಒಂದರ ಕಾಲನ್ನೊಂದು ತುಳಿದವು. ಮತ್ತೊಂದು ಕಡೆ ಖಾಲಿ. ಬೋಳು ಸಭಾಂಗಣದಲ್ಲಿ ಆ ಖಾಲಿಗಳು ಹಲ್ಲುದುರಿದ ಬಾಯಿಯ ಹಾಗೆ ತೆರೆದುಕೊಂಡವು. ಎದುರಿಗೆ ಹಲ್ಲಿನ ಡಾಕ್ಟರೇ ಕೂತಿದ್ದಳು.

"ಇನ್ನೊಂದ್ಸಲ" ಎಂದಳು ಅಕ್ಕ.

ಇನ್ನೊಂದು ಸಲ ಇನ್ನೂ ಕೆಟ್ಟಿತು. "ಈ ಪಿಯಾನೋ ಕೀಗಳು ಬಿಗಿ..." ಎಂದು ಶುರುಮಾಡಿದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಶಿಷ್ಯರಿಗೆ ಆ ಗಾದೆಯನ್ನು ಎಷ್ಟು ಸಲ ಹೇಳಿದ್ದಳೋ.

ಮೂರನೆಯ ಸಲ ಅವಳಿಗೆ ಇನ್ನೊಂದು ಕೇಳಿಸಿತು. ಪೆಡಲ್‌ನ ಗುಂಯ್‌ಗುಟ್ಟುವಿಕೆ ಇಲ್ಲದ್ದರಿಂದ ಎಡಗಡೆಯ ತಾಳವೂ ಬರಿಮೈಯಲ್ಲಿ ಕೇಳುತ್ತಿತ್ತು. ತಂಗಿಯ ಕೈ ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ತಡೆದು, ಅಕ್ಕನ ಬೆರಳು ಬಂದು ಸೇರುವ ತನಕ ಕಾದು, ಆಮೇಲೆ ಇಳಿಯುತ್ತಿತ್ತು. ಮಗುವಿನ ಕೈ ಹಿಡಿದು ರಸ್ತೆ ದಾಟಿಸುವವರ ಹಾಗೆ. ಇದು ಇವತ್ತು ಶುರುವಾದದ್ದಲ್ಲ. ಇಷ್ಟು ಸಲೀಸಾಗಿ ಕಾಯುವುದು ಒಂದು ದಿನಕ್ಕೆ ಬರುವ ಅಭ್ಯಾಸವಲ್ಲ.

ಅಕ್ಕ ಕೈಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಯಾವಾಗಿಂದ?" ಎಂದಳು, ತಂಗಿಗೆ ಮಾತ್ರ ಕೇಳುವ ಹಾಗೆ.

"ಬಿಡು ಅಕ್ಕ. ಬೆರಳಿಗೂ ವಯಸ್ಸಾಗುತ್ತೆ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಪಿಯಾನೋಗೆ ಬೀಗ ಹಾಕಿ ಮಲಗಿಬಿಡ್ತಿದ್ದೆ. ನಿನ್ನ ನಾನು ಕಾಣೆನಾ? ಕಾಲಲ್ಲಿ ಮುಚ್ಚೋದು ಸುಲಭ ಅನ್ನಿಸ್ತು."

ಕೆಸರು ಕೆಸರು ಎಂದು ಊರಿಗೆಲ್ಲ ಹೇಳಿಕೊಂಡು ಬಂದದ್ದು ತನ್ನ ಮೇಲೆ ಹೊದಿಸಿದ್ದ ಹೊದಿಕೆಯನ್ನು! ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. ಹಲ್ಲಿನ ಡಾಕ್ಟರು ತನ್ನ ಚೀಲದಲ್ಲಿ ಏನನ್ನೋ ಬಹಳ ಹೊತ್ತಿನಿಂದ ಹುಡುಕುತ್ತಿದ್ದಳು.

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲು ದಬ್ಬಿಕೊಂಡು ಬಂದ. "ಏನ್ರಮ್ಮಾ, ಕೊನೇದು ಒಂಟಿಯೋ ಜಂಟಿಯೋ? ಅಚ್ಚಿನವನು ನನ್ನ ಪ್ರಾಣ ತಿಂತಿದ್ದಾನೆ."

ಒಂಟಿ ಎಂದರೆ ಆ ಬಲ್ಲಾಡಿನಲ್ಲಿ ಇಂಥ ಓಟಗಳು ಪುಟಪುಟಕ್ಕೂ ಇವೆ. ಜಂಟಿ ಎಂದರೆ ಈಗಷ್ಟೇ ಬೇಡವೆಂದು ತಳ್ಳಿದ ಕಾಲನ್ನೇ ಮತ್ತೆ ಹಿಡಿಯಬೇಕು.

ತಂಗಿ ತಟ್ಟನೆ ಹೇಳಿದಳು: "ಜಂಟಿ ಹಾಕಿ ಸರ್. ಅಕ್ಕನ ಮಣಿಕಟ್ಟು ಉಳುಕಿದೆ, ಒಬ್ಬಳೇ ನುಡಿಸೋದು ಕಷ್ಟ."

"ಹೌದೌದು," ಎಂದು ಹಲ್ಲಿನ ಡಾಕ್ಟರು ಚೀಲದಿಂದ ತಲೆ ಎತ್ತಿದಳು, "ಚೆನ್ನಾಗಿ ಊದಿದೆ. ನಾನೇ ನೋಡಿದೆ. ಹಲ್ಲಿನವಳಾದ್ರೂ ಡಾಕ್ಟರೇ ಅಲ್ವಾ?"

"ಅಯ್ಯೋ ಪಾಪ" ಎಂದ ಮ್ಯಾನೇಜರ್.

ಅಕ್ಕನ ಎಡಗೈ ತಾನಾಗಿ ಹೋಗಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತು. ನೋವಿಲ್ಲ, ಊತವಿಲ್ಲ. ತನ್ನ ಕೈ ಇಷ್ಟು ಬೇಗ ಸುಳ್ಳಿಗೆ ಒಗ್ಗಿದ್ದನ್ನು ಅವಳು ನೋಡುತ್ತಾ ಕೂತಳು. ಭೂಮಿ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದಳು. ಭೂಮಿ ಬಾಯಿಬಿಡಲಿಲ್ಲ. ಮಣಿಕಟ್ಟಿನ ಹಿಡಿತ ಬಿಟ್ಟಳು.

"ಉಳುಕಿಲ್ಲ" ಎಂದಳು. "ನನಗೆ ಆ ಓಟ ಬರ್ತಿಲ್ಲ. ಇಷ್ಟು ವರ್ಷ ಇವಳು ಪೆಡಲ್ ಹಾಕಿ ನನ್ನ ತಪ್ಪು ಮುಚ್ಚಿದ್ದಾಳೆ. ಜಂಟಿನೇ ಹಾಕಿ. ಮೇಲೆ ಇವಳು, ಕೆಳಗೆ ನಾನು."

ಮ್ಯಾನೇಜರ್ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. "ಇದೆಲ್ಲಾ ಅಚ್ಚಾಗಬೇಕಾ?"

ಅಕ್ಕ ಎದ್ದು, ಬೆಂಚಿನ ಹಿಂದಿನಿಂದ ಸುತ್ತಿ ಎಡಗಡೆ ಬಂದು ನಿಂತಳು. "ಸರಿದು ಕೂತ್ಕೋ" ಎಂದಳು.

ತಂಗಿ ಕದಲಲಿಲ್ಲ. ಹಾಳೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು, "ಬೆಳಿಗ್ಗೆ ಮನೇಲಿ ಕೇಳಿದ್ರೆ ಖುಷಿಯಾಗಿ ಸರೀತಿದ್ದೆ ಅಕ್ಕ."

ಮ್ಯಾನೇಜರ್, ಹಲ್ಲಿನ ಡಾಕ್ಟರ್ ಇಬ್ಬರೂ ನೋಡುತ್ತಿದ್ದ ಹಾಗೆ ಅಕ್ಕ ಅಲ್ಲೇ ನಿಂತಿದ್ದಳು, ತಂಗಿ ಜಾಗ ಬಿಡುವ ತನಕ.