ಓದದೆ ಬಿಟ್ಟ ನೋಟಿಸು

ಆ ಎರಡು ಎಕರೆಯಲ್ಲಿ ಮೊದಲು ಇದ್ದದ್ದು ಕಲ್ಲು. ಬರೀ ಕಲ್ಲು. ಕತ್ತೆಯೂ ಅಲ್ಲಿಗೆ ಮೇಯಲು ಹೋಗುತ್ತಿರಲಿಲ್ಲ. ಸೊಪ್ಪಿನಕ್ಕ ಮತ್ತು ಅವಳ ಗಂಡ ಆ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಬದುವಿಗೆ ಹಾಕಿದರು. ಬುಟ್ಟಿಗೆ ಹಿಡಿಯದ್ದನ್ನು ಹಾರೆಯಿಂದ ಮೀಟಿ ಉರುಳಿಸಿದರು. ಮೂರನೇ ವರ್ಷ ಒಂದು ಬಂಡೆ ಜಾರಿ ಗಂಡನ ಸೊಂಟದ ಮೇಲೆ ಬಂತು. ಆಮೇಲೆ ಅವನು ಎಂಟು ವರ್ಷ ಬದುಕಿದ, ಆದರೆ ಎದ್ದು ನಿಲ್ಲಲಿಲ್ಲ. ಉಳಿದ ಕಲ್ಲನ್ನು ಅಕ್ಕ ಒಬ್ಬಳೇ ತೆಗೆದಳು.

ಆಮೇಲೆ ಅಲ್ಲಿ ಸೊಪ್ಪು, ಮೆಣಸಿನಕಾಯಿ, ಈರುಳ್ಳಿ ಬೆಳೆಯತೊಡಗಿತು. ಬೆಳೆದದ್ದರಲ್ಲಿ ಅರ್ಧ ಧಣಿಯ ಮನೆಗೆ, ಇನ್ನರ್ಧ ಅಕ್ಕನ ತಲೆಯ ಮೇಲಿನ ಬುಟ್ಟಿಗೆ. ಹಳೇ ಧಣಿ ಅವತ್ತು, "ಕಲ್ಲು ತೆಗೆದವರೇ ಉತ್ಕೊಂಡು ತಿನ್ನಿ" ಅಂದಿದ್ದ. ಅದೇ ಪತ್ರ, ಅದೇ ಮುದ್ರೆ. ಅವನು ಸತ್ತು ಮಗ ಧಣಿಯಾದ. ಅಪ್ಪನ ಮಾತೂ ಅಪ್ಪನ ಜೊತೆಗೇ ಮಣ್ಣಾಯಿತು ಎಂದು ಅಕ್ಕನಿಗೆ ಯಾರೂ ಹೇಳಲಿಲ್ಲ.

ಧಣಿ ಕೆಟ್ಟವನು. ಅದನ್ನು ಹೇಳಲು ನಾನೇ ಬೇಕಾಗಿಲ್ಲ, ಧಣಿಗಳ ಕಥೆ ನಿಮಗೆ ಹೊಸದೂ ಅಲ್ಲ. ನಾನು ಹೇಳಬೇಕಾದದ್ದು ನನ್ನ ಪಾಲಿನದು.

ನಾನು ಟೈಲರ್. ಬಸ್ಸು ನಿಲ್ಲುವಲ್ಲಿ ಧಣಿಯ ಉಗ್ರಾಣದ ಗೋಡೆಗೆ ತಗಡು ಇಳಿಬಿಟ್ಟು, ಅದರಡಿ ತುಳಿಯುವ ಮೆಷಿನ್ ಇಟ್ಟುಕೊಂಡಿದ್ದೆ. ಹರಿದ ಅಂಗಿ, ಬಿಚ್ಚಿದ ಜೇಬು, ಅಣ್ಣನ ಚಡ್ಡಿ ತಮ್ಮನಿಗೆ ಆಗುವಂತೆ ಚಿಕ್ಕದು ಮಾಡುವುದು, ಇಂಥದ್ದೇ ಕೆಲಸ. ಹೊಸ ಬಟ್ಟೆ ಹೊಲಿಸುವವರು ಪೇಟೆಗೆ ಹೋಗುತ್ತಿದ್ದರು. ಆದರೂ ಶನಿವಾರ ಮಧ್ಯಾಹ್ನ ನನ್ನ ತಗಡಿನ ಕೆಳಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಅವತ್ತು ಬಸ್ಸಿನಲ್ಲಿ ವಾರದ ಪೇಪರ್ ಬರುತ್ತಿತ್ತು. ಊರಿಗೆ ಎರಡೇ ಪ್ರತಿ. ಒಂದು ಧಣಿಯ ಮನೆಗೆ, ಒಂದು ನನಗೆ. ಊರಲ್ಲಿ ಓದು ಬಂದವರು ಹುಟ್ಟುತ್ತಿರಲಿಲ್ಲ ಅಂತಲ್ಲ, ಓದು ಬಂದವರು ಊರಲ್ಲಿ ನಿಲ್ಲುತ್ತಿರಲಿಲ್ಲ.

ಮೊದಲ ಪುಟದ ಮಂತ್ರಿಗಳ ಸುದ್ದಿ ಯಾರಿಗೂ ಬೇಡ. ಜನಕ್ಕೆ ಬೇಕಾದದ್ದು ಒಳಗಿನ ಸಣ್ಣ ಜಾಹೀರಾತಿನ ಪುಟ. ಅದನ್ನು ಮೇಲಿಂದ ಕೆಳಗೆ ಒಂದೊಂದಾಗಿ ಓದಬೇಕು.

"ಎರಡನೇ ಸಲ ಕರು ಹಾಕಿದ ಹಸು ಮಾರಾಟಕ್ಕಿದೆ. ಸಾಧು. ಒದೆಯುವುದಿಲ್ಲ."

"ಒದೆಯೋದಿಲ್ಲ ಅಂತ ಯಾಕೆ ಬರ್ಸಿದಾನೆ ಗೊತ್ತಾ? ಒದೀತದೆ, ಅದಕ್ಕೇ" ಎನ್ನುತ್ತಿದ್ದ ಎತ್ತಿನ ತಾತ. ದನದ ವ್ಯಾಪಾರದಲ್ಲಿ ಹಲ್ಲು ಉದುರಿಸಿಕೊಂಡವನು.

"ವಧು ಬೇಕಾಗಿದ್ದಾಳೆ. ವರನಿಗೆ ಮೂವತ್ತೆಂಟು ವರ್ಷ, ಸ್ವಂತ ಪಂಪ್‌ಸೆಟ್ ಇದೆ."

"ಪಂಪ್‌ಸೆಟ್ಟಿಗೆ ಎಷ್ಟು ವರ್ಷ ಅಂತೆ ಕೇಳು ತಮ್ಮಾ" ಎಂದವಳು ಸೊಪ್ಪಿನಕ್ಕ. ಇಡೀ ತಗಡು ಅಲ್ಲಾಡುವ ಹಾಗೆ ಜನ ನಕ್ಕಿದ್ದರು.

ನಗುವುದಕ್ಕೆ ಮಾತ್ರ ಬರುತ್ತಿದ್ದರು ಎಂದುಕೊಳ್ಳಬೇಡಿ. ಅಕ್ಕ ತನ್ನ ಹಳೇ ಪಂಪು ಕೊಂಡದ್ದು ನಾನು ಓದಿದ ಜಾಹೀರಾತು ಕೇಳಿ. ಕಿವಿ ಹರಿದ ಕಪ್ಪು ಮೇಕೆ ಕಳೆದಿದೆ ಎಂದು ಓದಿದ ದಿನ, ನಾಲ್ಕು ದಿನದಿಂದ ತನ್ನ ಹೊಲದಲ್ಲಿ ಮೇಯುತ್ತಿದ್ದ ಮೇಕೆಯನ್ನು ಹಿಡಿದು ಪಕ್ಕದೂರಿಗೆ ಹೊಡೆದುಕೊಂಡು ಹೋಗಿ ಕೊಟ್ಟು ಬಂದಳು. ಬಿತ್ತನೆ ಈರುಳ್ಳಿ, ಕೂಲಿಗೆ ಆಳು, ಹಳೇ ನೇಗಿಲು, ಎಲ್ಲ ನನ್ನ ಬಾಯಿಂದಲೇ ಬರಬೇಕು. ಟೈಲರ್ ಓದಿದ ಅಂದರೆ ಉಂಟು, ಓದಲಿಲ್ಲ ಅಂದರೆ ಇಲ್ಲ. ಅಷ್ಟು ನಂಬಿಕೆ. ಆ ನಂಬಿಕೆ ನನಗೆ ಅಮಲಿನಂತೆ ಏರಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಒಂದು ಶುಕ್ರವಾರ ಧಣಿಯೇ ಅಂಗಡಿಗೆ ಬಂದ. ಕೈಯಲ್ಲಿ ಪ್ಯಾಂಟು. ಸೊಂಟ ಬಿಗಿಯಾಗಿದೆ, ಎರಡು ಬೆರಳು ಬಿಚ್ಚಬೇಕು ಎಂದ. ಪ್ಯಾಂಟು ಕಳಿಸಲು ಅವನ ಮನೆಯಲ್ಲಿ ಆಳುಗಳಿಗೆ ಬರ ಇರಲಿಲ್ಲ. ಬೇರೆ ಏನೋ ಇದೆ ಎಂದು ನನಗೆ ಆಗಲೇ ಗೊತ್ತಾಯಿತು.

"ನಾಳೆ ಪೇಪರಲ್ಲಿ ನಂದೊಂದು ಸಣ್ಣ ನೋಟಿಸು ಬರ್ತದೆ."

"ಆಗ್ಲಿ ಧಣಿ, ಓದ್ತೀನಿ."

"ಓದೋದೇನೂ ಬೇಡಪ್ಪ. ಕಾನೂನಿನ ಮಾತು, ಇವರಿಗೆ ತಿಳಿಯೋದಲ್ಲ. ಸುಮ್ನೆ ತಲೆ ಕೆಡಿಸ್ಕೋತಾರೆ."

ನಾನು ಪ್ಯಾಂಟಿನ ಹೊಲಿಗೆ ನೋಡುತ್ತಾ ನಿಂತೆ. ಅವನು ತಲೆ ಎತ್ತಿ ತಗಡು ನೋಡಿದ, ಗೋಡೆ ಸವರಿದ.

"ಎಷ್ಟು ವರ್ಷ ಆಯ್ತು ಇಲ್ಲಿ ಕೂತು?"

"ಹನ್ನೊಂದು ಧಣಿ."

"ಇರು, ಇರು. ನಿಂಗೆ ಯಾರು ಏಳು ಅಂದ್ರು?"

ಅಷ್ಟೇ. ಅವನು ಬೈಯಲಿಲ್ಲ, ಗದರಲಿಲ್ಲ. ಗದರಿದ್ದರೆ ಇವತ್ತು ನನಗೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

ಶನಿವಾರ ಬಸ್ಸು ಬಂತು, ಪೇಪರ್ ಬಂತು. ಹಾಲು ಕರೆಯುವ ಎಮ್ಮೆಗೂ ಮಾರಾಟದ ಟ್ರ್ಯಾಕ್ಟರಿಗೂ ನಡುವೆ ಅದು ಕೂತಿತ್ತು. "ಸಾರ್ವಜನಿಕ ಪ್ರಕಟಣೆ. ರಸ್ತೆಗೆ ಹೊಂದಿಕೊಂಡಿರುವ ಎರಡು ಎಕರೆ ಜಮೀನು ನಮ್ಮ ಕಕ್ಷಿದಾರರ ಸ್ವಾಧೀನದಲ್ಲಿದ್ದು, ಬೇರೆ ಯಾರೂ ಉಳುಮೆ ಮಾಡುತ್ತಿರುವುದಿಲ್ಲ. ಸದರಿ ಜಮೀನನ್ನು ಶೀತಲ ಗೋದಾಮಿಗೆ ಮಾರಲು ನಿಶ್ಚಯಿಸಿದ್ದು, ತಕರಾರು ಇದ್ದವರು ಹದಿನೈದು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಯಾರ ತಕರಾರೂ ಇಲ್ಲವೆಂದು ಭಾವಿಸಲಾಗುವುದು."

ಸೊಪ್ಪಿನಕ್ಕ ನನ್ನ ಮೆಷಿನ್ನಿಗೆ ಒರಗಿ ನಿಂತಿದ್ದಳು. ಕಾಲಲ್ಲಿ ಹಸಿ ಮಣ್ಣು. ಬೇರೆ ಯಾರೂ ಉಳುಮೆ ಮಾಡುತ್ತಿಲ್ಲವಂತೆ!

ನಾನು ಎಮ್ಮೆ ಓದಿದೆ. ಟ್ರ್ಯಾಕ್ಟರ್ ಓದಿದೆ. ನಡುವೆ ಉಸಿರು ಕೂಡ ಎಳೆಯಲಿಲ್ಲ.

"ಇಷ್ಟೇನಾ ತಮ್ಮಾ? ಇವತ್ತು ಬೇಗ ಮುಗೀತಲ್ಲ."

"ಇಷ್ಟೇ ಅಕ್ಕ."

ಅವಳು ಪ್ರತಿ ಶನಿವಾರದಂತೆ ಬುಟ್ಟಿಯಿಂದ ಒಂದು ಕಟ್ಟು ಸೊಪ್ಪು ತೆಗೆದು ಮೆಷಿನ್ನಿನ ಮೇಲಿಟ್ಟಳು. ಓದಿದ್ದಕ್ಕೆ ಅವಳ ಲೆಕ್ಕದ ಮರ್ಯಾದೆ ಅದು. ನಾನು ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳಲ್ಲ.

ಮನೆಯಲ್ಲಿ ಹೆಂಡತಿ ಆ ಸೊಪ್ಪು ಬೇಯಿಸಿದಳು. ತಟ್ಟೆ ಮುಂದೆ ಕೂತವನು ಎದ್ದುಬಿಟ್ಟೆ. "ಏನಾಯ್ತ್ರೀ?" ಎಂದಳು. ಹೇಳಿದೆ. ಅವಳು ಸೌಟು ಕೆಳಗಿಟ್ಟಳು. ಆಮೇಲೆ, "ಅಂಗಡಿ ಹೋದ್ರೆ ನಾವೇನು ತಿನ್ನೋದು?" ಎಂದಳು. ಅದೂ ನಿಜವೇ. ಆದರೆ ಅವತ್ತು ತಟ್ಟೆಗೆ ಅವಳೂ ಕೈಹಾಕಲಿಲ್ಲ.

ಹದಿನೈದು ದಿನ ಅಂದರೆ ಸಣ್ಣದಲ್ಲ. ಹದಿನೈದು ಬೆಳಗು ಅಕ್ಕ ಬುಟ್ಟಿ ಹೊತ್ತು ನನ್ನ ಮುಂದೆಯೇ ಹೋದಳು. "ಏನ್ ತಮ್ಮಾ, ಮುಖ ಯಾಕೆ ಸಪ್ಪಗಿದೆ?" ಎಂದರೆ ನನಗೆ ಕುಂಬಳಕಾಯಿ ಕಳ್ಳ ಅಂದಂತೆ ಆಗಿ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಗುತ್ತಿತ್ತು. ಹತ್ತನೇ ದಿನ ಹೇಳಿಯೇ ಬಿಡುತ್ತೇನೆಂದು ಅವಳ ಹೊಲಕ್ಕೆ ಹೋದೆ. ಅವಳು ಮೆಣಸಿನ ಸಸಿಗೆ ಮಣ್ಣು ಏರಿಸುತ್ತಿದ್ದಳು.

"ಬಾ ತಮ್ಮಾ. ಈ ಸಲ ಸಸಿ ನೋಡು ಎಷ್ಟು ಚೆನ್ನಾಗಿ ಕಚ್ಕೊಂಡಿದೆ. ಇದು ಕೈಗೆ ಬಂದ್ರೆ ಮನೆಗೊಂದು ಬಾಗಿಲು ಹಾಕಿಸ್ತೀನಿ."

ಚೊಂಬಿನಲ್ಲಿ ನೀರು ಕೊಟ್ಟಳು. ಕುಡಿದೆ. ಮಾತು ಬಾಯಲ್ಲಿ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ನುಂಗಿದೆ. ಇನ್ನೂ ಐದು ದಿನ ಇತ್ತು. ನಾನು ಹೇಡಿ. ಬಡವ ಅಂತ ಹೇಳಿಕೊಂಡರೆ ಜನ ಕ್ಷಮಿಸುತ್ತಾರೆ, ಅದಕ್ಕೇ ಆ ಮಾತನ್ನು ಇಲ್ಲಿ ಬಳಸುವುದಿಲ್ಲ.

ಹದಿನೇಳನೇ ದಿನ ಬುಲ್ಡೋಜರ್ ಬಂತು. ಮೆಣಸಿನ ಸಸಿಯ ಮೇಲೆ ಎರಡು ಸಲ ಓಡಾಡಿತು. ಕಲ್ಲಿನ ಕಂಬ ನೆಟ್ಟು ತಂತಿ ಎಳೆದರು. ಅಡ್ಡ ಬಂದ ಅಕ್ಕನಿಗೆ ಧಣಿಯ ಆಳು, "ನೋಟಿಸು ಕೊಟ್ಟಾಗ ಬಾಯಿ ಮುಚ್ಕೊಂಡಿದ್ದು ಈಗ ಯಾಕಮ್ಮ ಕೂಗ್ತೀಯಾ?" ಎಂದನಂತೆ.

ಅವಳು ಓಡಿ ಬಂದದ್ದು ನನ್ನ ಹತ್ತಿರ. ಮೈಯೆಲ್ಲ ಮಣ್ಣು, ಮೊಣಕೈಯಲ್ಲಿ ರಕ್ತ.

"ಪೇಪರಲ್ಲಿ ಹಾಕಿದೀವಿ ಅಂತ ಸುಳ್ಳು ಹೇಳ್ತಾರೆ ತಮ್ಮಾ! ಬಂದಿದ್ರೆ ನೀನು ಓದ್ತಿರಲಿಲ್ವಾ? ನಡಿ, ತಾಲ್ಲೂಕು ಕಚೇರಿಗೆ ಬಂದು ಹೇಳು. ನೀನೇ ನನ್ನ ಸಾಕ್ಷಿ."

ಎತ್ತಿನ ತಾತನ ಮನೆಯೂ ಸೇರಿ, ಧಣಿಯ ಜಮೀನು ಗೇಯುವ ಇನ್ನೂ ಏಳು ಮನೆಯವರು ಬಂದರು. ಇವತ್ತು ಅವಳದ್ದು, ನಾಳೆ ನಮ್ಮದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮರುದಿನ ಬೆಳಗಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಟಿಕೆಟ್ ತೆಗೆಯಲೂ ನನಗೆ ಬಿಡಲಿಲ್ಲ.

ಕಚೇರಿಯಲ್ಲಿ ಧಣಿ ಆಗಲೇ ಕುರ್ಚಿಯಲ್ಲಿದ್ದ. ಅಧಿಕಾರಿ ಪೇಪರ್ ಬಿಡಿಸಿ ಮೇಜಿನ ಮೇಲೆ ಹರಡಿದ.

"ನೋಡಮ್ಮ, ಇಲ್ಲಿದೆ. ಕೆಂಪು ಗೆರೆ ಎಳೆದಿದೀನಿ."

"ಅದು ಬೇರೆ ಪೇಪರ್ ಇರ್ಬೇಕು ಸಾಹೇಬ್ರೆ. ನಮ್ಮೂರಿಗೆ ಬಂದಿದ್ದರಲ್ಲಿ ಇರಲಿಲ್ಲ. ನಮ್ ತಮ್ಮ ಒಂದಕ್ಷರ ಬಿಡದಂಗೆ ಓದ್ತಾನೆ. ಕೇಳಿ ಬೇಕಾದ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಧಣಿಯೂ ತಿರುಗಿದ. ಅವನ ಮುಖದಲ್ಲಿ ಭಯ ಇರಲಿಲ್ಲ. ಇವನು ಏನು ಹೇಳಿದರೂ ಗೆಲುವು ನನ್ನದೇ ಎಂದು ಅವನಿಗೆ ಗೊತ್ತಿತ್ತು. ಇರಲಿಲ್ಲ ಅಂದರೆ ಮೇಜಿನ ಮೇಲಿನ ಪೇಪರ್ ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ. ಇತ್ತು ಅಂದರೆ ಅಕ್ಕನ ಜಮೀನು ನನ್ನ ಬಾಯಿಂದಲೇ ಹೋಗುತ್ತದೆ.

"ಇತ್ತು ಅಕ್ಕ" ಎಂದೆ. "ನಾನು ಓದಲಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಏನಂದೆ?" ಎಂದಳು.

"ಓದದೆ ಬಿಟ್ಟೆ. ಧಣಿ ಬಂದು ಓದ್ಬೇಡ ಅಂದ್ರು. ಬಿಟ್ಟೆ."

ಎತ್ತಿನ ತಾತ ಕಿಟಕಿಯ ಹೊರಗೆ ಉಗುಳಿದ. "ಬೇಲಿನೇ ಎದ್ದು ಹೊಲ ಮೇಯ್ತು" ಎಂದ. ಅಕ್ಕ ನನ್ನ ಪಕ್ಕದಿಂದ ಎರಡು ಹೆಜ್ಜೆ ದೂರ ಸರಿದಳು. ಕಪಾಳಕ್ಕೆ ಬಿಗಿದಿದ್ದರೆ ನನಗೆ ಹಗುರಾಗುತ್ತಿತ್ತು.

ಅಧಿಕಾರಿಗೆ ಮಾತ್ರ ಖುಷಿಯಾಯಿತು. ಟೈಪ್ ಮಾಡುವವನಿಗೆ, "ಪ್ರಕಟಣೆ ಬಂದಿತ್ತು ಅಂತ ಅವರ ಸಾಕ್ಷಿನೇ ಒಪ್ಕೊಂಡ. ಬರ್ಕೋ" ಎಂದ.

"ಸಾಹೇಬ್ರೆ, ಧಣಿ ಹೇಳಿದ್ದನ್ನೂ ಬರ್ಕೊಳ್ಳಿ!"

"ನಿಮ್ಮೂರಲ್ಲಿ ಯಾರು ಯಾರಿಗೆ ಏನು ಓದ್ತಾರೆ ಅನ್ನೋದು ಕಚೇರಿಗೆ ಸಂಬಂಧ ಇಲ್ಲ. ಅಚ್ಚಾಗಿದೆಯೋ ಇಲ್ವೋ, ಅಷ್ಟೇ."

ಧಣಿ ಎದ್ದು ನನ್ನ ಕಿವಿಯ ಹತ್ತಿರ, "ನಾಳೆ ತಗಡು ಬಿಚ್ಕೋ" ಎಂದು ಹೊರಟುಹೋದ. ಆಶ್ಚರ್ಯವೆಂದರೆ ಆ ಮಾತು ನನಗೆ ತಾಗಲೇ ಇಲ್ಲ.

ಟೈಪಾದ ಹಾಳೆ ಬಂತು. ಗುಮಾಸ್ತ ಶಾಯಿಯ ಡಬ್ಬಿ ತೆರೆದು ಅಕ್ಕನ ಕಡೆ ತಳ್ಳಿದ. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ. ನೀನು ಬಂದಿದ್ದೆ ಅನ್ನೋದಕ್ಕೆ, ಅಷ್ಟೇ."

ಅಕ್ಕ ಹಾಳೆ ತೆಗೆದು ನನ್ನ ಮುಂದೆ ಹಿಡಿದಳು. "ಓದು" ಎಂದಳು. ತಮ್ಮಾ ಅನ್ನಲಿಲ್ಲ.

ಅಷ್ಟರಲ್ಲಿ ಎತ್ತಿನ ತಾತನ ಸೊಸೆ ಮುಂದೆ ಬಂದಳು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಹಿಂದೆ ನಿಂತಿದ್ದವಳು. "ನಾನು ಐದನೇ ಕ್ಲಾಸಿನ ತನಕ ಹೋಗಿದೀನಿ. ಅವರು ಓದ್ತಾ ಏನಾದ್ರೂ ಬಿಡ್ತಾರಾ ಅಂತ ನಾನು ನೋಡ್ತೀನಿ" ಎಂದಳು. ಅವಳಿಗೆ ಅಕ್ಷರ ಬರುತ್ತದೆಯೇ ಎಂದು ಊರಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾನು ಓದಿದೆ. ಅವಳ ಬೆರಳು ನನ್ನ ಮಾತಿನ ಹಿಂದೆ ಒಂದೊಂದೇ ಪದ ಮುಟ್ಟುತ್ತಾ ಬಂತು.

"ಪ್ರಕಟಣೆಯು ಗ್ರಾಮಸ್ಥರೆಲ್ಲರಿಗೂ ತಿಳಿದಿರುತ್ತದೆ. ಅರ್ಜಿದಾರಳು ಸದರಿ ಜಮೀನಿನಲ್ಲಿ ದಿನಗೂಲಿಯಾಗಿ ಮಾತ್ರ ದುಡಿದಿದ್ದು, ತನಗೆ ಯಾವ ಹಕ್ಕೂ ಇಲ್ಲವೆಂದು ಸ್ವಇಚ್ಛೆಯಿಂದ ಒಪ್ಪಿರುತ್ತಾಳೆ."

ಅಕ್ಕ ನನ್ನ ಮುಖ ನೋಡಲಿಲ್ಲ, ಸೊಸೆಯ ಮುಖ ನೋಡಿದಳು.

"ಹೌದತ್ತೆ. ಹಂಗೇ ಬರೆದಿದೆ."

ಅಕ್ಕ ಶಾಯಿಯ ಡಬ್ಬಿಯ ಮುಚ್ಚಳ ಹಾಕಿ ಗುಮಾಸ್ತನ ಕಡೆ ತಳ್ಳಿದಳು. "ಒತ್ತೋದಿಲ್ಲ" ಎಂದಳು. "ಬೇರೆ ಹಾಳೆ ಕೊಡಿ."

"ಬೇರೆ ಯಾಕೆ? ಅವಧಿ ಮುಗಿದಿದೆ, ಇನ್ನು ಏನೂ ತಗೊಳ್ಳೋಕೆ ಬರಲ್ಲ" ಎಂದ ಅಧಿಕಾರಿ.

"ತಗೊಳ್ಳೋ ತನಕ ಇಲ್ಲೇ ಇರ್ತೀವಿ."

ಅವಳು ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತಳು. ಎತ್ತಿನ ತಾತ ಕೂತ. ಏಳೂ ಮನೆಯವರು ಕೂತರು. ಅಧಿಕಾರಿ ಪೊಲೀಸರಿಗೆ ಫೋನ್ ಮಾಡುತ್ತೇನೆಂದು ಕೂಗಾಡಿದ. "ಮಾಡಿ, ಅವರೂ ಕೇಳ್ಲಿ" ಎಂದ ತಾತ. ಸೊಸೆ ಗುಮಾಸ್ತನ ಮೇಜಿನಿಂದ ಒಂದು ಬಿಳಿ ಹಾಳೆ ಎಳೆದುಕೊಂಡಳು.

ನಾನು ನಿಂತೇ ಇದ್ದೆ. ಎಲ್ಲಿ ಕೂರುವುದೆಂದು ತಿಳಿಯಲಿಲ್ಲ. ಅಕ್ಕನೇ ಕರೆದಳು.

"ಬಾ. ಇವಳಿಗಿನ್ನೂ ಬರೆಯೋ ರೂಢಿ ಇಲ್ಲ. ನೀನು ಬರಿ, ಇವಳು ನೋಡ್ತಾಳೆ. ನಂಬಿ ಕರೀತಿಲ್ಲ, ತಿಳ್ಕೋ."

"ಏನು ಬರೀಲಿ ಅಕ್ಕ?"

"ಇಪ್ಪತ್ತಾರು ವರ್ಷ ಆ ಹೊಲ ಗೇಯ್ದದ್ದನ್ನ ನಾನು ಹೇಳ್ತೀನಿ. ಮೊದಲು ನೀನು ಮಾಡಿದ್ದು ಬರಿ."

ಬರೆದೆ. ಶುಕ್ರವಾರದ ಪ್ಯಾಂಟಿನಿಂದ ಹಿಡಿದು ಚೊಂಬಿನ ನೀರಿನ ತನಕ ಬರೆದೆ. ಸೊಸೆ ಅದನ್ನು ತಡವರಿಸುತ್ತಾ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಓದಿದಳು. ಒಂದು ಮಾತನ್ನೂ ಬಿಡಲಿಲ್ಲ. ನಾನು ತಲೆ ತಗ್ಗಿಸಿ ಕೇಳಿದೆ.